ವಿನೋದವೆಂಬ ಪದ, ಮೊಸಳೆಯೆಂಬ ಜೀವಿ

ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದ ಪೂರ್ವಾರ್ಧದಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ವು ಅರಸನ ಬಾಳಿಗೆ ಸಂಬಂಧಿಸಿದ ನಾನಾ ವಿಷಯಗಳ ಕೋಶ. ಅದರ ಒಂದು ದೊಡ್ಡ ಭಾಗವು ಅರಸನ ವಿನೋದಗಳಿಗೇ ಮೀಸಲು. ಅಲ್ಲಿ ಗೀತವುಂಟು, ನೃತ್ಯವುಂಟು, ಕಥೆಯುಂಟು. ಅವುಗಳ ಸಾಲಿನಲ್ಲಿಯೇ ಮೀನು ಹಿಡಿಯುವ ಮತ್ಸ್ಯವಿನೋದವೂ ಬೇಟೆಯಾಡುವ ಮೃಗಯಾವಿನೋದವೂ ಉಂಟು. ಹಾಡು ಕೇಳುವುದು ಮತ್ತು ಜೀವ ತೆಗೆಯುವುದು ಒಂದೇ ಪದದ ನೆರಳಿನಲ್ಲಿ ಕುಳಿತಿರುವುದು ಆ ಕಾಲದ ಅರಮನೆಗೆ ವಿಚಿತ್ರವಾಗಿ ಕಂಡಿರಲಾರದು. ಅದೇ ಕಲ್ಯಾಣದಲ್ಲಿ ಕೆಲವೇ ದಶಕಗಳ ತರುವಾಯ ದಯೆಯನ್ನು ಧರ್ಮದ ಬುಡವಾಗಿ ಕಂಡ ಶರಣರು ನೆರೆದರೆಂಬುದನ್ನು ಸದ್ಭಕ್ತರಿಗೆ ನೆನಪಿಸಬೇಕಾಗಿಲ್ಲ.

ಆ ಹಳೆಯ ಪದಕ್ಕೆ ಇಂದು ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಕಾನೂನಿನ ಅಂಗೀಕಾರ ದೊರೆತಿದೆ. ಫ್ಲಾರಿಡಾ ರಾಜ್ಯದಲ್ಲಿ ಪ್ರತಿವರ್ಷ ಆಗಸ್ಟ್ 15ರಿಂದ ನವೆಂಬರ್ 1ರವರೆಗೆ ಸಾರ್ವಜನಿಕರು ವಿನೋದಕ್ಕಾಗಿ ಮೊಸಳೆಯ ಬೇಟೆಯಾಡಬಹುದು. ಅಲ್ಲಿ ಅರಸನಿಲ್ಲ, ಅರ್ಜಿ ಹಾಕಿಕೊಂಡವರಲ್ಲಿ ಲಾಟರಿ ಎತ್ತಿ ಭಾಗ್ಯವಂತರನ್ನು ಆರಿಸುತ್ತಾರೆ. ಸುಮಾರು 7,000 ಪರವಾನಗಿಗಳಿಗೆ ಅದರ ಇಮ್ಮಡಿಗೂ ಹೆಚ್ಚು ಅರ್ಜಿಗಳು ಬರುವುದುಂಟು. ಪರವಾನಗಿಯೊಂದಕ್ಕೆ ಎರಡು ಮೊಸಳೆ. ರಾಜ್ಯದ ನಿವಾಸಿಗೆ ಈಚಿನ ವರ್ಷಗಳ ಶುಲ್ಕ 272 ಡಾಲರ್, ಹೊರಗಿನವನಿಗೆ 1,022 ಡಾಲರ್. ಇದನ್ನು ಕೇಳಿದೊಡನೆ ‘ಛೇ, ಇಂಥದನ್ನು ಸರ್ಕಾರವೇ ನಡೆಸುವುದೇ? ಒಂದೇ ಮಾತಿನಲ್ಲಿ ನಿಷೇಧಿಸಬಾರದೇ?’ ಎಂಬ ಉದ್ಗಾರವು ಸಸ್ಯಾಹಾರಿಯಾದ ಭಕ್ತನ ಬಾಯಿಂದ ಹೊರಡುವುದು ಸಹಜ. ಆ ಉದ್ಗಾರದ ಹಿಂದಿನ ಹೃದಯವು ನಿರ್ಮಲವಾದುದೇ. ಆದರೆ ನಿಷೇಧದ ಚರಿತ್ರೆಯನ್ನು ಅರಿಯದೆ ಆಡಿದರೆ ಅದು ಮೊಸಳೆಗೆ ಉಪಕಾರವಾಗುವ ಮಾತಾಗಲಾರದು.

ಮೊದಲು ಈ ಜೀವಿ ಯಾವುದೆಂಬುದನ್ನು ತಿಳಿಯಬೇಕು. ಕನ್ನಡದಲ್ಲಿ ಮೊಸಳೆಯೆಂಬ ಒಂದೇ ಮಾತಿನಿಂದ ಕರೆಯುವ ಪ್ರಾಣಿಗಳಲ್ಲಿ ಎರಡು ಬೇರೆ ಬೇರೆ ಕುಲಗಳಿವೆ. ರಂಗನತಿಟ್ಟಿನ ಬಂಡೆಗಳ ಮೇಲೆ ಬಿಸಿಲು ಕಾಯಿಸುವುದು ಒಂದು ಕುಲ. ಅಮೆರಿಕದ ಅಲಿಗೇಟರ್ ಇನ್ನೊಂದು. ಅಲಿಗೇಟರಿನ ಮೂತಿ ಅಗಲವಾಗಿ ದುಂಡಗಿರುತ್ತದೆ, ಬಾಯಿ ಮುಚ್ಚಿದಾಗ ಕೆಳದವಡೆಯ ಹಲ್ಲು ಹೊರಗೆ ಕಾಣದು. ಗಂಡು 11-12 ಅಡಿ ಬೆಳೆಯುವುದುಂಟು, ಹೆಣ್ಣು 10 ಅಡಿಯನ್ನು ಮೀರುವುದು ಅಪರೂಪ. ತಾಯಿಯು ಸೊಪ್ಪುಸದೆಯನ್ನು ರಾಶಿ ಮಾಡಿ ಗೂಡು ಕಟ್ಟಿ, ಅದರೊಳಗೆ ಮೊಟ್ಟೆಯಿಟ್ಟು, ಕಾವಲಿರುತ್ತದೆ. ಗೂಡಿನ ಶಾಖವೇ ಮರಿ ಗಂಡೋ ಹೆಣ್ಣೋ ಎಂಬುದನ್ನು ತೀರ್ಮಾನಿಸುತ್ತದೆ. ಮರಿಗಳ ಕೂಗು ಕೇಳಿದಾಗ ತಾಯಿ ಗೂಡನ್ನು ಅಗೆದು, ಜಗತ್ತೇ ಬೆದರುವ ಆ ದವಡೆಗಳ ನಡುವೆಯೇ ಮರಿಗಳನ್ನು ಮೃದುವಾಗಿ ಎತ್ತಿಕೊಂಡು ನೀರಿಗೆ ಬಿಡುತ್ತದೆ. ಫ್ಲಾರಿಡಾದ ಎವರ್‌ಗ್ಲೇಡ್ಸ್ ಎಂಬ ಜೌಗುನಾಡಿನಲ್ಲಿ ಈ ಪ್ರಾಣಿ ತೋಡಿಕೊಂಡ ಹೊಂಡಗಳಲ್ಲಿ ಬರಗಾಲದಲ್ಲಿಯೂ ನೀರು ನಿಲ್ಲುತ್ತದೆ. ಮೀನು, ಆಮೆ, ಕೊಕ್ಕರೆಗಳು ಅಲ್ಲಿ ಜೀವ ಹಿಡಿದುಕೊಳ್ಳುತ್ತವೆ. ಕೆರೆ ಕಟ್ಟಿಸಿದವನಿಗೆ ಪುಣ್ಯವುಂಟೆಂದು ನಂಬಿದ ನಾಡಿನವರಿಗೆ ಈ ಸಂಗತಿಯ ಬೆಲೆ ತಿಳಿಯದಿರದು.

ಈ ಜೀವಿ ಇಪ್ಪತ್ತನೆಯ ಶತಮಾನದ ಮಧ್ಯದ ಹೊತ್ತಿಗೆ ಅಳಿವಿನ ಅಂಚಿಗೆ ಬಂದಿತ್ತು. ಕಾರಣ ಅದರ ತೊಗಲು. ಪಾದರಕ್ಷೆ, ಕೈಚೀಲ, ನಡುಪಟ್ಟಿಗಳಿಗಾಗಿ ಲೆಕ್ಕವಿಲ್ಲದಷ್ಟನ್ನು ಕೊಂದರು. ಲೂಸಿಯಾನಾ ರಾಜ್ಯವು 1962ರಲ್ಲಿ ಬೇಟೆಯನ್ನು ಸಂಪೂರ್ಣವಾಗಿ ನಿಲ್ಲಿಸಿತು. 1967ರಲ್ಲಿ ಕೇಂದ್ರ ಸರ್ಕಾರವು ಅದನ್ನು ಅಳಿವಿನಂಚಿನ ಪ್ರಾಣಿಗಳ ಪಟ್ಟಿಗೆ ಸೇರಿಸಿತು. ಆದರೆ ಕೊಲ್ಲಬಾರದೆಂಬ ಆಜ್ಞೆ ಹೊರಟ ಮಾತ್ರಕ್ಕೆ ಕೊಲೆ ನಿಲ್ಲಲಿಲ್ಲ. ಒಂದು ರಾಜ್ಯದಲ್ಲಿ ಕದ್ದು ಕೊಂದ ಮೊಸಳೆಯ ತೊಗಲನ್ನು ಇನ್ನೊಂದು ರಾಜ್ಯಕ್ಕೆ ಸಾಗಿಸಿದರೆ ಕೇಳುವವರಿರಲಿಲ್ಲ. ರಾತ್ರಿಯ ಕಳ್ಳಬೇಟೆ ಎಗ್ಗಿಲ್ಲದೆ ನಡೆಯಿತು. 1969ರಲ್ಲಿ ಲೇಸಿ ಕಾಯಿದೆಗೆ ತಿದ್ದುಪಡಿಯಾಗಿ, ಅಕ್ರಮವಾಗಿ ಪಡೆದ ಸರೀಸೃಪಗಳ ಅಂತರರಾಜ್ಯ ವ್ಯಾಪಾರವೂ ಅಪರಾಧವೆನಿಸಿದ ಮೇಲೆಯೇ ಆ ಜಾಲದ ಬೆನ್ನು ಮುರಿಯಿತು. ಕೊಲ್ಲುವವನ ಕೈಯನ್ನು ಹಿಡಿಯುವುದಕ್ಕಿಂತ ಕೊಳ್ಳುವವನ ಕೈಯನ್ನು ಹಿಡಿಯುವುದು ಮುಖ್ಯವೆಂಬುದು ಇಲ್ಲಿ ಸ್ಪಷ್ಟ. ಸಂಖ್ಯೆ ಬೇಗನೆ ಏರಿತು. 1987ರಲ್ಲಿ ಈ ಪ್ರಾಣಿ ಪೂರ್ಣವಾಗಿ ಚೇತರಿಸಿಕೊಂಡಿದೆಯೆಂದು ಸರ್ಕಾರ ಸಾರಿತು. ನೋಡಲು ಇದನ್ನೇ ಹೋಲುವ ಇತರ ಮೊಸಳೆಗಳ ತೊಗಲು ಇದರ ಹೆಸರಿನಲ್ಲಿ ಮಾರುಕಟ್ಟೆಗೆ ಬರಬಾರದೆಂದು ಕೇಂದ್ರದ ನಿಗಾ ಮಾತ್ರ ಇಂದಿಗೂ ಉಳಿದಿದೆ. ಆ ನಿಗಾದ ಕುರುಹೇ ಬೇಟೆಗಾರನಿಗೆ ಕೊಡುವ, ಅಂಕೆಯುಳ್ಳ ಟ್ಯಾಗ್. ಕೊಂದ ಕೂಡಲೇ ಅದನ್ನು ಮೊಸಳೆಯ ಬಾಲದ ತುದಿಯ ಬಳಿ ಚುಚ್ಚಿ ಬಿಗಿಯಬೇಕು. ಟ್ಯಾಗ್ ಇಲ್ಲದ ತೊಗಲು ಕಳವಿನ ಮಾಲು.

ಇಲ್ಲಿಂದ ಮುಂದೆ ರಾಜ್ಯಗಳ ದಾರಿಗಳು ಕವಲೊಡೆಯುತ್ತವೆ. ಬೇಟೆಯ ಪರ ವಾದಿಸುವವರು ಸಾಮಾನ್ಯವಾಗಿ ಈ ಕವಲನ್ನು ಮುಚ್ಚಿಟ್ಟು ಮಾತನಾಡುತ್ತಾರಾದ್ದರಿಂದ ಅದನ್ನು ಬಿಡಿಸಿ ನೋಡುವುದು ಅಗತ್ಯ.

ಲೂಸಿಯಾನಾದ ಕಡಲಂಚಿನ ಜೌಗುಭೂಮಿಯ ಬಹುಪಾಲು ಖಾಸಗಿಯವರ ಸ್ವತ್ತು. ಒಡೆಯನಿಗೆ ಆ ನೆಲದಿಂದ ಆದಾಯವಿಲ್ಲದಿದ್ದರೆ ಅವನು ಅದನ್ನು ಬತ್ತಿಸಿಯಾನು, ಮಾರಿಯಾನು, ಕಡಲು ನುಂಗುವುದನ್ನು ನೋಡುತ್ತ ಸುಮ್ಮನಿದ್ದಾನು. 1930ರ ದಶಕದಿಂದೀಚೆಗೆ ಸುಮಾರು 5,000 ಚದರ ಕಿಲೋಮೀಟರ್ ನೆಲವನ್ನು ಆ ರಾಜ್ಯದ ಕರಾವಳಿ ಕಳೆದುಕೊಂಡಿದೆ. ರಾಕ್‌ಫೆಲರ್ ವನ್ಯಜೀವಿಧಾಮದಲ್ಲಿ ಟೆಡ್ ಜೊನೆನ್, ಲ್ಯಾರಿ ಮೆಕ್‌ನೀಸ್ ಮೊದಲಾದ ತಜ್ಞರು ವರ್ಷಗಟ್ಟಲೆ ಮೊಸಳೆಯ ಬಾಳನ್ನು ಅಭ್ಯಾಸ ಮಾಡಿದ ಮೇಲೆ 1972ರಲ್ಲಿ ಕ್ಯಾಮೆರಾನ್ ಎಂಬ ಒಂದೇ ಜಿಲ್ಲೆಯಲ್ಲಿ ಬೇಟೆಗೆ ಮತ್ತೆ ಅನುಮತಿ ದೊರೆಯಿತು. 1981ರಲ್ಲಿ ರಾಜ್ಯಕ್ಕೆಲ್ಲ ವಿಸ್ತರಿಸಿತು. ಹೆಲಿಕಾಪ್ಟರಿನಿಂದ ಗೂಡುಗಳನ್ನು ಎಣಿಸಿ, ಯಾವ ಬಗೆಯ ಜೌಗಿನಲ್ಲಿ ಎಷ್ಟು ಮೊಸಳೆ ಇರಬಲ್ಲವೆಂದು ಅಂದಾಜಿಸಿ, ಅದಕ್ಕನುಗುಣವಾಗಿ ನೆಲದ ಒಡೆಯನ ಜಮೀನಿಗೆ ಟ್ಯಾಗ್ ಹಂಚಲಾಗುತ್ತದೆ. ಜೌಗು ಹಾಳಾದರೆ ಟ್ಯಾಗೂ ಇಲ್ಲ, ಹಣವೂ ಇಲ್ಲ. ಬೇಟೆಯ ಕಾಲವು ಆಗಸ್ಟ್ ಕೊನೆ ಇಲ್ಲವೆ ಸೆಪ್ಟೆಂಬರ್ ಮೊದಲಿಗೆ ಆರಂಭವಾಗುವಂತೆ ಇಟ್ಟಿರುವುದರಲ್ಲಿಯೂ ವಿವೇಕವಿದೆ. ಆಗ ತಾಯಿ ಮೊಸಳೆಗಳು ಗೂಡಿನ ಬಳಿ, ಒಳಜೌಗಿನಲ್ಲಿರುತ್ತವೆ. ಕಾಲುವೆಗಳ ಆಳನೀರಿನಲ್ಲಿ ಇರುವವು ಹೆಚ್ಚಾಗಿ ಗಂಡುಗಳು. ಮೊಟ್ಟೆಗಳನ್ನು ಕೃಷಿಕೇಂದ್ರಗಳಿಗೆ ಒಯ್ದು ಮರಿ ಮಾಡುವವರು ಬೆಳೆದ ಮರಿಗಳಲ್ಲಿ ಒಂದು ಪಾಲನ್ನು ಜೌಗಿಗೆ ಹಿಂತಿರುಗಿಸಬೇಕು. ಮೊದಲು ಅದು ನೂರಕ್ಕೆ 17ರಷ್ಟಿತ್ತು, ಸಂಖ್ಯೆ ಹೆಚ್ಚಿದಂತೆ ಇಳಿಸುತ್ತ ಬಂದು ಈಗ 5ಕ್ಕೆ ನಿಂತಿದೆ. ಒಂದು ಲಕ್ಷಕ್ಕೂ ಕಡಿಮೆಯಿದ್ದ ಕಾಡುಮೊಸಳೆಗಳು ಅರ್ಧ ಶತಮಾನದಲ್ಲಿ ಇಪ್ಪತ್ತು ಲಕ್ಷವನ್ನು ಮುಟ್ಟಿವೆಯೆಂದು ಆ ರಾಜ್ಯದ ಇಲಾಖೆ ಹೇಳುತ್ತದೆ. ಈ ಅವಧಿಯಲ್ಲಿ ಕೊಂದವುಗಳ ಸಂಖ್ಯೆಯೂ ಹತ್ತು ಲಕ್ಷವನ್ನು ಮೀರಿದೆ.

ಕೊಂದು ಕಾಯುವುದೆಂಬ ಈ ಮಾತು ಕಿವಿಗೆ ವಿರೋಧಾಭಾಸದಂತೆ ಕೇಳಿಸುತ್ತದೆ, ಕೇಳಿಸಲೂಬೇಕು. ಆದರೂ ಕ್ಯಾಲಿಫೋರ್ನಿಯಾ ರಾಜ್ಯವು ಮೊಸಳೆ ತೊಗಲಿನ ಮಾರಾಟವನ್ನು ನಿಷೇಧಿಸಹೊರಟಾಗ ಲೂಸಿಯಾನಾ ನ್ಯಾಯಾಲಯಕ್ಕೆ ಹೋದದ್ದು ಕೇವಲ ವರ್ತಕರ ಲೋಭವಲ್ಲ. ಮಾರುಕಟ್ಟೆ ಮುಚ್ಚಿದರೆ ಜೌಗನ್ನು ಕಾಯುವವರಾರು ಎಂಬ ಪ್ರಶ್ನೆಯೂ ಅದರಲ್ಲಿತ್ತು. 2023ರಲ್ಲಿ ಕೇಂದ್ರ ನ್ಯಾಯಾಲಯವೊಂದು ಆ ನಿಷೇಧವನ್ನು ತಡೆಯಿತು. ಒಂದು ಮೊಸಳೆಯ ಪ್ರಾಣವನ್ನು ಉಳಿಸಿ ಸಾವಿರ ಮೊಸಳೆಗಳ ಮನೆಯನ್ನು ಕಳೆಯುವುದು ದಯೆಯೆನಿಸದು. ಲೂಸಿಯಾನಾದ ಜೌಗಿನವನಿಗೆ ಈ ಬೇಟೆ ಒಂದು ಬಗೆಯ ಕಾಯಕ. ಒಪ್ಪದಿದ್ದರೂ ಅದನ್ನು ಅರ್ಥಮಾಡಿಕೊಳ್ಳಬಹುದು.

ಫ್ಲಾರಿಡಾದ ಬೇಟೆಗೆ ಇದೇ ಸಮರ್ಥನೆಯನ್ನು ಹೊದಿಸುವುದು ಮಾತ್ರ ಸಲ್ಲದು. 1988ರಲ್ಲಿ ಆರಂಭವಾದ ಅಲ್ಲಿನ ರಾಜ್ಯವ್ಯಾಪಿ ಬೇಟೆ ನಡೆಯುವುದು ಬಹುಮಟ್ಟಿಗೆ ಸಾರ್ವಜನಿಕ ಕೆರೆ, ನದಿಗಳಲ್ಲಿ. ಒಕೀಚೋಬೀ ಸರೋವರವನ್ನು ಬತ್ತಿಸಿ ಮಾರಿಬಿಡಲು ಯಾವ ಒಡೆಯನೂ ಕಾದು ಕುಳಿತಿಲ್ಲ. ಬೇಟೆಗಾರನ 272 ಡಾಲರಿನಿಂದಲೇ ಅದು ಉಳಿದಿದೆಯೆನ್ನಲಾಗದು. ಶುಲ್ಕದ ಹಣ ಸಮೀಕ್ಷೆಗೂ ಕಾವಲಿಗೂ ನೆರವಾಗುತ್ತದೆ ಎಂಬುದನ್ನು ಒಪ್ಪಬೇಕು. ಸುಮಾರು 13 ಲಕ್ಷ ಮೊಸಳೆಗಳಿರುವ ರಾಜ್ಯದಲ್ಲಿ ಈ ಬೇಟೆಯಿಂದ ಕುಲನಾಶದ ಭಯವೂ ಇಲ್ಲ. ಅಧಿಕಾರಿಗಳು ರಾತ್ರಿ ದೋಣಿಯಲ್ಲಿ ಹೋಗಿ ದೀಪ ಹಾಯಿಸಿ, ಕತ್ತಲಲ್ಲಿ ಕೆಂಡದಂತೆ ಹೊಳೆಯುವ ಕಣ್ಣುಗಳನ್ನು ಎಣಿಸಿ, ಪ್ರದೇಶಕ್ಕಿಷ್ಟೆಂದು ಮಿತಿ ಹಾಕುತ್ತಾರೆ. ಆ ಲೆಕ್ಕ ಶಿಸ್ತಿನದು. ಆದರೆ ‘ಕೊಂದರೂ ಕುಲ ಅಳಿಯದು’ ಎಂಬುದು ಕೊಲ್ಲುವುದಕ್ಕೆ ಅಡ್ಡಿಯಿಲ್ಲವೆಂಬುದನ್ನು ತಿಳಿಸುತ್ತದೆಯೇ ಹೊರತು ಕೊಲ್ಲುವುದಕ್ಕೆ ಕಾರಣವನ್ನು ತಿಳಿಸುವುದಿಲ್ಲ. ಕಾರಣವೇನೆಂದು ಕೇಳಿದರೆ ಉಳಿಯುವ ಉತ್ತರ ಆ ಹಳೆಯ ಪದವೇ, ವಿನೋದ. ಮಾಂಸವನ್ನು ಮನೆಗೆ ಒಯ್ಯುವವರು ಅನೇಕರಿದ್ದಾರೆ. ತಲೆಬುರುಡೆಯನ್ನು ಗೋಡೆಗೆ ಹಾಕುವವರೂ ಇದ್ದಾರೆ. ಫ್ಲಾರಿಡಾದ ನಂತರ ಜಾರ್ಜಿಯಾ 2003ರಲ್ಲಿ, ಮಿಸ್ಸಿಸಿಪ್ಪಿ 2005ರಲ್ಲಿ, ಅಲಬಾಮಾ 2006ರಲ್ಲಿ, ದಕ್ಷಿಣ ಕೆರೊಲಿನಾ 2008ರಲ್ಲಿ ಇದೇ ಹಾದಿ ಹಿಡಿದವು. ವರ್ಷ ವರ್ಷವೂ ದಾಖಲೆಯ ಉದ್ದ, ದಾಖಲೆಯ ತೂಕದ ಮೊಸಳೆಯ ಪಕ್ಕದಲ್ಲಿ ನಗುತ್ತ ನಿಂತವರ ಚಿತ್ರಗಳು ಪತ್ರಿಕೆಗಳಲ್ಲಿ ಬರುತ್ತವೆ. ಹನ್ನೆರಡು ಅಡಿ ಬೆಳೆಯಲು ಆ ಪ್ರಾಣಿಗೆ ಎಷ್ಟು ದಶಕ ಹಿಡಿದಿರಬಹುದೆಂಬ ಲೆಕ್ಕ ಆ ಚಿತ್ರದ ಕೆಳಗೆ ಇರುವುದು ಅಪರೂಪ.

ಹೀಗಿದ್ದರೂ ಫ್ಲಾರಿಡಾದ ಕಟ್ಟಳೆಯಲ್ಲಿ ಮೆಚ್ಚಬೇಕಾದ ಒಂದು ಅಂಶವಿದೆ. ಈ ವಿನೋದದ ಬೇಟೆಯಲ್ಲಿ ದೂರದಿಂದ ಬಂದೂಕು ಹಾರಿಸುವಂತಿಲ್ಲ. ಈಟಿ, ಬಿಲ್ಲು, ಉರುಲು, ಎಸೆಯುವ ಕೊಕ್ಕೆ, ಯಾವುದನ್ನು ಬಳಸಿದರೂ ಮೊದಲು ಪ್ರಾಣಿಯನ್ನು ಹಗ್ಗಕ್ಕೆ ಸಿಕ್ಕಿಸಿ ಹತ್ತಿರಕ್ಕೆ ತಂದುಕೊಳ್ಳಬೇಕು. ಆಮೇಲೆ, ತುದಿಯಲ್ಲಿ ಗುಂಡಿರುವ ಒಂದು ಕೋಲನ್ನು ತಲೆಗೆ ಒತ್ತಿ ಕೊಲ್ಲಬಹುದು. ಗಾಯಗೊಂಡ ಮೊಸಳೆ ನೀರಿನಾಳಕ್ಕೆ ಇಳಿದು ಎಲ್ಲಿಯೋ ನರಳಿ ಸಾಯಬಾರದೆಂಬ ಕಾಳಜಿ ಇದರೊಳಗಿದೆ. ಎರೆಯನ್ನು ಕಚ್ಚಿದ ಮೊಸಳೆಯ ಹೊಟ್ಟೆಗೆ ಕೊಕ್ಕೆ ಇಳಿಯುವಂಥ ಗಾಳಕ್ಕೂ ಅಲ್ಲಿ ಅನುಮತಿಯಿಲ್ಲ. ಲೂಸಿಯಾನಾದಲ್ಲಾದರೋ ಅದೇ ಮುಖ್ಯ ವಿಧಾನ: ನೀರಿನ ಮೇಲೆ ತೂಗಬಿಟ್ಟ ಮಾಂಸದ ತುಂಡು, ಒಳಗೆ ಕೊಕ್ಕೆ, ದಡಕ್ಕೆ ಕಟ್ಟಿದ ಹಗ್ಗ. ದಿನಕ್ಕೊಮ್ಮೆ ಗಾಳಗಳನ್ನು ನೋಡಿಬರಬೇಕೆಂಬ ನಿಯಮವಿದೆ. ಸಂಜೆ ನುಂಗಿದ ಮೊಸಳೆಗೆ ಬೆಳಗಿನವರೆಗೆ ಆ ನಿಯಮದಿಂದ ಏನೂ ಆಗುವಂತಿಲ್ಲ. ಕಾರಣದ ವಿಷಯದಲ್ಲಿ ಲೂಸಿಯಾನಾ ಮೇಲು, ರೀತಿಯ ವಿಷಯದಲ್ಲಿ ಫ್ಲಾರಿಡಾ ಮೇಲು. ಒಂದರಲ್ಲಿರುವ ವಿವೇಕ ಇನ್ನೊಂದಕ್ಕೆ ಹರಿಯದಿರುವುದು ಖೇದಕರ.

ಫ್ಲಾರಿಡಾದಲ್ಲಿಯೂ ಆ ಕಾಳಜಿ ಅರ್ಧದಾರಿಯಲ್ಲಿ ನಿಂತಿದೆ. ಹದಿನೆಂಟು ತುಂಬಿದವನು ಅರ್ಜಿ ಹಾಕಬಹುದು. ಬೇಟೆಯ ತರಬೇತಿ ಲಭ್ಯವಿದ್ದರೂ ಅದು ಐಚ್ಛಿಕ. ಕಾರು ಓಡಿಸುವವನಿಗೆ ಪರೀಕ್ಷೆಯುಂಟು. ಕತ್ತಲಲ್ಲಿ, ಅಲುಗುವ ದೋಣಿಯಲ್ಲಿ, ನೂರಾರು ಕಿಲೋ ತೂಗುವ ಜೀವಿಯನ್ನು ಹಗ್ಗದಲ್ಲಿ ಹಿಡಿದು ಕ್ಷಣದಲ್ಲಿ ಸಾಯಿಸಬೇಕಾದವನಿಗೆ ಪರೀಕ್ಷೆಯಿಲ್ಲ! ತಣ್ಣನೆಯ ರಕ್ತದ ಈ ಪ್ರಾಣಿಗಳ ಜೀವ ಬೇಗ ಹೋಗುವಂಥದಲ್ಲವೆಂಬುದು ಪ್ರಾಣಿವೈದ್ಯರಿಗೆ ತಿಳಿದ ವಿಷಯ. ಗುರಿ ಸ್ವಲ್ಪ ತಪ್ಪಿದರೂ ಯಾತನೆ ದೀರ್ಘ. ಲಾಟರಿಯ ಬದಲು, ಬೇಗನೆ ಕೊಲ್ಲಬಲ್ಲೆನೆಂದು ತೋರಿಸಿಕೊಟ್ಟವರಿಗೆ ಮಾತ್ರ ಟ್ಯಾಗ್ ಕೊಡುವ ಕಟ್ಟಳೆ ಬಂದರೆ ಅರ್ಜಿಗಳು ಕಡಿಮೆಯಾದಾವು, ಶುಲ್ಕದ ಆದಾಯವೂ ಕುಗ್ಗೀತು. ಎಷ್ಟು ಕೊಲ್ಲಬೇಕೆಂಬುದನ್ನು ಅಷ್ಟು ನಿಖರವಾಗಿ ಎಣಿಸುವ ಸರ್ಕಾರ ಹೇಗೆ ಕೊಲ್ಲಬೇಕೆಂಬುದನ್ನೂ ಅಷ್ಟೇ ನಿಖರವಾಗಿ ಕೇಳಬೇಡವೇ?

ಭಾರತದ ದಾರಿ ಬೇರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಮೊಸಳೆಗಳನ್ನು ಮೊದಲನೆಯ ಅನುಸೂಚಿಯಲ್ಲಿಟ್ಟಿತು; ಕೆಲವು ಇತರ ಪ್ರಾಣಿಗಳ ಬೇಟೆಗೆ ಉಳಿದಿದ್ದ ಪರವಾನಗಿಯ ಅವಕಾಶವೂ 1991ರ ತಿದ್ದುಪಡಿಯಿಂದ ಹೋಯಿತು. ದಾಂಡೇಲಿಯ ಕಾಳಿ ನದಿಯ ದಡದಲ್ಲಿ ಬಟ್ಟೆ ಒಗೆಯುವವರು ಇಂದು ಮೊಸಳೆಯೊಡನೆಯೇ ಬಾಳಬೇಕು. ಆ ಬಾಳಿನ ಕಷ್ಟ ಸಣ್ಣದಲ್ಲ, ಅದು ಬೇರೆಯೇ ಚರ್ಚೆ.

ಈ ವಿಷಯ ಅಮೆರಿಕದಲ್ಲಿ ನೆಲೆಸಿರುವ ಭಕ್ತರಿಗೆ ನೇರವಾಗಿ ತಾಗುವುದು ಬೇಟೆಯ ಮೂಲಕವಲ್ಲ, ದೂರವಾಣಿಯ ಮೂಲಕ. ಫ್ಲಾರಿಡಾದ ಬಡಾವಣೆಗಳಲ್ಲಿ ಮನೆಯ ಹಿಂದೆ ಮಳೆನೀರಿನ ಕೊಳವಿರುವುದು ಸಾಮಾನ್ಯ. ಕೊಳವಿದ್ದಲ್ಲಿ ಎಂದಾದರೊಂದು ದಿನ ಮೊಸಳೆ ಬರುತ್ತದೆ. ಉಪದ್ರವಕಾರಿ ಮೊಸಳೆಗಳಿಗೆಂದೇ ರಾಜ್ಯವು 1978ರಿಂದ ಒಂದು ಯೋಜನೆ ನಡೆಸುತ್ತಿದೆ. ನಾಲ್ಕು ಅಡಿಯೋ ಹೆಚ್ಚೋ ಇರುವ ಮೊಸಳೆ ಜನರಿಗೆ, ಸಾಕುಪ್ರಾಣಿಗಳಿಗೆ ಅಪಾಯವೆನಿಸಿದರೆ ಕರೆ ಮಾಡಬಹುದು; ಗುತ್ತಿಗೆಯ ಹಿಡಿಯುವವನು ಬಂದು ಒಯ್ಯುತ್ತಾನೆ. ‘ಒಯ್ಯುತ್ತಾನೆ’ ಎಂಬ ಪದವನ್ನು ಇಲ್ಲಿ ಬಿಡಿಸಿ ನೋಡಬೇಕು. ದೂರ ಬಿಟ್ಟರೆ ಮೊಸಳೆ ಹಳೆಯ ನೆಲೆಗೇ ಮರಳಿ ಬರುವುದರಿಂದ ಅದನ್ನು ಕಾಡಿಗೆ ಬಿಡುವುದಿಲ್ಲ, ಸಾಮಾನ್ಯವಾಗಿ ಕೊಲ್ಲುತ್ತಾರೆ. ಹಿಡಿದವನಿಗೆ ಸರ್ಕಾರ ಕೊಡುವುದು ಅಲ್ಪ. ಅವನ ಮುಖ್ಯ ಸಂಪಾದನೆ ಅದರ ತೊಗಲು ಮತ್ತು ಮಾಂಸ. ಹೀಗೆ ಸಾಯುವ ಮೊಸಳೆಗಳು ವರ್ಷಕ್ಕೆ ಸುಮಾರು 8,000. ವಿನೋದದ ಬೇಟೆಯಲ್ಲಿ ಸಾಯುವವುಗಳ ಸಂಖ್ಯೆಯೂ ಅದರ ಆಸುಪಾಸಿನಲ್ಲಿಯೇ ಇದೆ. ಬೇಟೆಗಾರನನ್ನು ಕಂಡರೆ ಮುಖ ತಿರುಗಿಸುವ ಗೃಹಸ್ಥನು ತನಗರಿವಿಲ್ಲದೆಯೇ ಅವನಷ್ಟೇ ಪ್ರಾಣಗಳನ್ನು ತೆಗೆಸುತ್ತಿದ್ದಾನೆ. ಬೇಟೆಗಾರನ ಪರವಾನಗಿಯೊಂದಕ್ಕೆ ಎರಡೇ ಟ್ಯಾಗ್. ಕರೆ ಮಾಡುವವನಿಗೆ ಆ ಮಿತಿಯೂ ಇಲ್ಲ.

ಅಪಾಯ ನಿಜವಾದಾಗ ಕರೆ ಮಾಡಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಮೊಸಳೆ ಕಚ್ಚಿ ವೈದ್ಯರ ಬಳಿ ಹೋಗಬೇಕಾದ ಪ್ರಸಂಗಗಳು ಆ ರಾಜ್ಯದಲ್ಲಿ ವರ್ಷಕ್ಕೆ ಸರಾಸರಿ ಎಂಟರಷ್ಟು ನಡೆಯುತ್ತವೆ, ಸಾವೂ ಸಂಭವಿಸಿದೆ. ಆಡುವ ಮಕ್ಕಳಿರುವ ಮನೆಯ ತಾಯಿಗೆ ಅಹಿಂಸೆಯನ್ನು ಬೋಧಿಸುವುದು ಅವಿವೇಕ. ಆದರೆ ಮೊಸಳೆ ಸ್ವಭಾವತಃ ಮನುಷ್ಯನಿಗೆ ಅಂಜಿ ಸರಿಯುವ ಪ್ರಾಣಿ. ಅದರ ಅಂಜಿಕೆಯನ್ನು ಕಳೆಯುವುದು ಮನುಷ್ಯನ ಕೈ: ದಡದಿಂದ ಎಸೆದ ರೊಟ್ಟಿಯ ಚೂರು, ಮಾಂಸದ ತುಂಡು, ಮೀನಿನ ಎಂಜಲು. ಹೀಗೆ ತಿನ್ನಿಸುವುದು ಅಲ್ಲಿ ಅಪರಾಧವೆಂದು ಕಾನೂನಿದೆ, ಫಲಕಗಳಿವೆ. ತಿನ್ನಿಸಿದವನಿಗೆ ಸಿಕ್ಕಿಬಿದ್ದರೆ ದಂಡ, ತಿಂದದ್ದಕ್ಕೆ ಮರಣದಂಡನೆ.

ಆದುದರಿಂದ ಅಂಥ ಕೊಳದ ಬದಿಯಲ್ಲಿ ವಾಸಿಸುವ ಸದ್ಭಕ್ತರು ಮಕ್ಕಳ ಸಂತೋಷಕ್ಕೆಂದು ಬಾತುಕೋಳಿಗೆ, ಮೀನಿಗೆ ಅನ್ನವನ್ನೋ ಬ್ರೆಡ್ಡನ್ನೋ ಎಸೆಯುವಾಗ ಎರಡು ಸಲ ಯೋಚಿಸಬೇಕು. ಮೀನು ನೆರೆದಲ್ಲಿಗೆ ಮೊಸಳೆಯೂ ಬರುತ್ತದೆ. ಮುಸ್ಸಂಜೆಯಿಂದ ಬೆಳಗಿನವರೆಗೆ ಅದು ಹೆಚ್ಚು ಚುರುಕಾಗಿರುತ್ತದೆಯಾದ್ದರಿಂದ ಮಕ್ಕಳನ್ನೂ ನಾಯಿಯನ್ನೂ ಆ ಹೊತ್ತಿನಲ್ಲಿ ದಡದಿಂದ ದೂರವಿಡಬೇಕು. ಕೊಳದ ನಡುವೆ ಸುಮ್ಮನೆ ತೇಲುತ್ತಿರುವ, ಮೂರು ಅಡಿಯೂ ಇಲ್ಲದ ಮರಿಯನ್ನು ಕಂಡು ಗಾಬರಿಯಿಂದ ದೂರವಾಣಿ ಎತ್ತಿಕೊಂಡವರು, ಆ ಕರೆ ಅದನ್ನು ಎಲ್ಲಿಗೆ ಒಯ್ಯಬಹುದೆಂಬುದನ್ನು ತಿಳಿದ ಮೇಲೆ ಸಂಖ್ಯೆಯನ್ನು ಒತ್ತಲಿ.